ಕೋಟೆ ಗೋಡೆಯ ಸೀನ್

3 ಫೆಬ್ರವರಿ 1993, ಬುಧವಾರ

ಅಂಗನವಾಡಿ ಕೆಲಸ ಮುಗಿಸಿ ಬರುವಾಗ ತೂಬಗೆರೆ ಬಸ್‌ಸ್ಟ್ಯಾಂಡಿನಲ್ಲಿ ಪೋಸ್ಟರ್ ಅಂಟಿಸುತ್ತಿದ್ದರು. ಅದೇ ಪಾಳೇಗಾರರ ಪಿಕ್ಚರ್. ಶುಕ್ರವಾರದಿಂದ ದೊಡ್ಡಬಳ್ಳಾಪುರದಲ್ಲಿ. ಅಮ್ಮನಿಗೆ ಹೇಳಬಾರದು ಅಂದುಕೊಂಡೆ. ಅವಳಿಗೆ ಆಗಲೇ ಗೊತ್ತಾಗಿತ್ತು. ಒಳ್ಳೆ ಸೀರೆ ಒಗೆದು ಹಾಕಿದ್ದಾಳೆ.

"ನಮ್ ಬೈರ ಬಾವುಟ ಹಿಡ್ಕೊಂಡ್ ಬರೋದು ನೋಡ್ಬೇಕು ಕಣೆ."

ಮೆರವಣಿಗೆ ಸೀನ್. ಹೋದ ಬೇಸಿಗೆಯಲ್ಲಿ ಬೆಟ್ಟದ ಕೋಟೆಯಲ್ಲಿ ಶೂಟಿಂಗ್ ಆದಾಗ ತಮ್ಮ ಬೈರೇಶ ಸೈನಿಕನ ವೇಷ ಹಾಕಿದ್ದ. ವಾರವಿಡೀ ಬಾವುಟ ಹಿಡಿದು ನಡೆದ. ಆಮೇಲೆ ಗೋಡೆ ಮೇಲಿಂದ ಜಾರಿ ಬಿದ್ದ. ಆಸ್ಪತ್ರೆಯಲ್ಲಿ ಕಣ್ಣು ಬಿಡಲೇ ಇಲ್ಲ. ಮಣ್ಣಿಗೆ ಬಂದಿದ್ದ ಶೂಟಿಂಗ್ ಮ್ಯಾನೇಜರ್ ಕೈಮುಗಿದು ಹೇಳಿದ್ದ — "ಅದು ರಿಹರ್ಸಲ್ ಅಮ್ಮಾ. ಕ್ಯಾಮರಾ ಓಡ್ತಾನೇ ಇರ್ಲಿಲ್ಲ."

5 ಫೆಬ್ರವರಿ, ಶುಕ್ರವಾರ, ಸಂಜೆ

ಈಗಷ್ಟೇ ಮನೆಗೆ ಬಂದೆವು.

ಅಪ್ಪ, ಅಮ್ಮ, ನಾನು ಮ್ಯಾಟಿನಿಗೆ ಹೋದೆವು. ಪಿಕ್ಚರ್... ಏನು ಹೇಳುವುದು. ರಾಣಿಗೆ ಲಿಪ್‌ಸ್ಟಿಕ್, ನೈಲಾನ್ ಸೀರೆ. ಯುದ್ಧಕ್ಕೆ ಹೊರಟ ದೊರೆ ತೋಟದಲ್ಲಿ ಕುಣಿಯುತ್ತಾನೆ. ಮೆರವಣಿಗೆ ಬಂತು — ಆನೆ, ಹೀರೋ ಮುಖ, ಮತ್ತೆ ಆನೆ, ಮತ್ತೆ ಹೀರೋ ಮುಖ. ಬಾವುಟದವರು ಇಲ್ಲವೇ ಇಲ್ಲ. ಆ ಬಿಸಿಲಲ್ಲಿ ನಡೆದದ್ದೆಲ್ಲ ಯಾವುದಕ್ಕೆ?

ಅಮ್ಮ ನನ್ನ ಕೈ ಹಿಂಡಿದಳು. "ಇನ್ನೂ ಬರ್ತಾನಾ?"

ಬಂದ.

ಕೋಟೆ ಗೋಡೆ. ಬಾಣಗಳು. ಮೇಲಿದ್ದ ಒಬ್ಬ ಜಾರಿದ. ಕೈ ಗಾಳಿಯಲ್ಲಿ ಆಸರೆ ಹುಡುಕಿತು. ಬೈರೇಶ. ನಮ್ಮ ಬೈರೇಶ! ಮುಖ ಹತ್ತಿರದಿಂದ ಕಂಡಿತು. ಆ ಕಣ್ಣಿನ ಹೆದರಿಕೆ ಯಾರೂ ಹೇಳಿಕೊಟ್ಟಿದ್ದಲ್ಲ. ಬಾಯಿ ತೆರೆಯಿತು. ಕೇಳಿಸಿದ್ದು ಇನ್ನಾರದೋ ದಪ್ಪ ದನಿ — "ದೊರೆಗೆ ಜಯವಾಗಲಿ!"

ಥಿಯೇಟರ್ ತುಂಬ ಸೀಟಿ, ಚಪ್ಪಾಳೆ. ಹಿಂದೆ ಯಾರೋ, "ಸಖತ್ತಾಗ್ ಬಿದ್ದ ಗುರೂ!"

ಅಪ್ಪ ಎದ್ದು ಹೊರಗೆ ಹೋದರು. ಅಮ್ಮ ಅಳಲಿಲ್ಲ.

ಕ್ಯಾಮರಾ ಓಡುತ್ತಿತ್ತು. ಅವನು ನಿಜವಾಗಿ ಬಿದ್ದದ್ದನ್ನೇ ಇಟ್ಟುಕೊಂಡು, ಅದಕ್ಕೊಂದು ದನಿ ಅಂಟಿಸಿ...

6 ಫೆಬ್ರವರಿ, ಶನಿವಾರ

ಅಪ್ಪ ಬೆಳಿಗ್ಗೆಯೇ ಥಿಯೇಟರಿಗೆ ಹೋಗಿ ಆ ತುಂಡು ಕತ್ತರಿಸಿ ಅಂತ ಕೇಳಿದರಂತೆ. ಅಲ್ಲಿಯವನು, "ಕಂಪನಿಯವ್ರ ಪ್ರಿಂಟು ಯಜಮಾನ್ರೇ, ನಾವ್ ಮುಟ್ಟಂಗಿಲ್ಲ. ಜನ ಬರ್ತಿರೋದೇ ಆ ಸೀನಿಗೆ" ಅಂದನಂತೆ.

ಇಷ್ಟು ಹೇಳಿ ಅಪ್ಪ ಜಗಲಿಯಲ್ಲಿ ಕುಸಿದು ಕೂತರು. ಅಮ್ಮ ಒಳಗಿಂದ ಬಂದಳು.

"ಕತ್ತರಿಸ್ಬೇಡಿ. ನಾನ್ ಇನ್ನೊಂದ್ಸಲ ನೋಡ್ಬೇಕು."

"ಬುದ್ಧಿ ನೆಟ್ಟಗಿದ್ಯಾ ನಿಂಗೆ? ಮಗ ಸಾಯೋದ್ ನೋಡ್ತೀಯಾ?"

"ಬದುಕಿರೋ ಬೈರ ಅಷ್ಟೇ ಉಳ್ದಿರೋದು."

ಅಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

11 ಫೆಬ್ರವರಿ, ಗುರುವಾರ

ಇವತ್ತೇ ಕೊನೆ. ನಾಳೆ ಬೇರೆ ಪಿಕ್ಚರ್. ಅಮ್ಮನನ್ನು ಕರೆದುಕೊಂಡು ಹೋದೆ. ಅಪ್ಪ ಬರಲಿಲ್ಲ.

ಗೋಡೆಯ ಸೀನ್ ಬಂತು. ನಾನು ಕಣ್ಣು ಮುಚ್ಚಿಕೊಂಡೆ. ಸೀಟಿ ಶುರುವಾದದ್ದೇ ಅಮ್ಮ ಎದ್ದು ನಿಂತಳು.

"ಸೀಟಿ ಹೊಡೀಬೇಡ್ರಪ್ಪಾ. ಅವ್ನು ನಿಜವಾಗ್ಲೂ ಬಿದ್ದಿದ್ದು. ನನ್ಮಗ ಅವ್ನು."

ಅಕ್ಕಪಕ್ಕದವರು ತಿರುಗಿ ನೋಡಿದರು. ಸೀಟಿ ಒಂದೊಂದಾಗಿ ನಿಂತಿತು. ಪರದೆಯ ಮೇಲೆ ದೊರೆ ಕುದುರೆ ಹತ್ತುತ್ತಿದ್ದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾವು ಹೊರಗೆ ಬಂದೆವು.

ಬಸ್ಸಿನಲ್ಲಿ ಅಮ್ಮ ಕೇಳಿದಳು. "ಅವ್ನು ಏನಂದ? ಆ ಜಯ ಅಲ್ಲ. ಅವ್ನ ಬಾಯಿ."

"ಅಮ್ಮಾ ಅಂದ" ಅಂದೆ, ಅವಳ ಸಮಾಧಾನಕ್ಕೆ.

ದನಿಯಿಲ್ಲದೆ ತನ್ನ ಬಾಯಲ್ಲೇ ಅಂದು ನೋಡಿದಳು.

"ಅಮ್ಮ ಅನ್ನೋಕೆ ತುಟಿ ಸೇರ್ಬೇಕಲ್ವಾ. ಸೇರ್ಲಿಲ್ಲ ಕಣೆ. ಅಕ್ಕಾ ಅಂದಿದ್ದು."

ಅಮ್ಮ ನನ್ನ ಕೆನ್ನೆ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಕರ್ದಿದಾನಲ್ಲೇ. ಓ ಅನ್ನು."

ಬಸ್ ತುಂಬ ಜನ. ಬಾಯಿ ತೆರೆದೆ — "ಓ!"