ಮಗ್ಗುಲು ಬದಲಿಸುವ ಕೆಲಸ

ಕವಾಲಾ,
ಮಾರ್ಚ್ ಒಂಬತ್ತು, ಸೋಮವಾರ ಬೆಳಿಗ್ಗೆ

ಮುದ್ದು ಮಗ ಥೆಮಿಸ್‌ಗೆ ಅಮ್ಮನ ಮುತ್ತುಗಳು.

ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ಗಂಟೆಗಟ್ಟಲೆ ಒಂದೇ ಸಮನೆ ಕೂರಬೇಡ, ಆಗಾಗ ಎದ್ದು ಓಡಾಡು. ಸೊಸೆ ಮಿರ್ತೋ ಆರೋಗ್ಯವಾಗಿದ್ದಾಳೆಯೇ? ಅವಳು ಕಳಿಸಿದ ಫೋಟೋದಲ್ಲಿ ನಿಮ್ಮ ಬಿಳಿ ಸೋಫಾ ನೋಡಿದೆ. ಮನುಷ್ಯರು ಕೂತರೆ ಹಾಳಾಗುತ್ತದೇನೋ ಅನ್ನುವಷ್ಟು ಚೆನ್ನಾಗಿದೆ. ನನ್ನ ಬೆರಳಿನ ಗಂಟುಗಳು ಹಾಗೇ ಇವೆ, ಕಾಫಿ ಲೋಟ ಎತ್ತುವುದೂ ಕಷ್ಟ. ಈಸ್ಟರ್ ಉಪವಾಸ ಹಿಡಿದಿದ್ದೇನೆ. ಬೀನ್ಸ್ ಸೂಪು, ಆಲಿವ್ ಕಾಯಿ, ಇಷ್ಟೇ ಊಟ. ಒಬ್ಬಳಿಗೆ ಎಷ್ಟು ಬೇಕು ಹೇಳು.

ಶುಕ್ರವಾರದ ಪೇಪರಿನಲ್ಲಿ ನಿನ್ನ ಚಿತ್ರ ಬಂದಿತ್ತು. ಕಾರು ಕಾರ್ಖಾನೆಯ ವಿದ್ಯೆಯನ್ನು ಆಸ್ಪತ್ರೆಗೆ ತಂದು ನಮ್ಮ ಮೂಳೆ ವಾರ್ಡನ್ನು ಉದ್ಧಾರ ಮಾಡಿದ್ದಕ್ಕೆ ಬಹುಮಾನವಂತೆ. ಹೆತ್ತವರಿಗೆ ಹೆಗ್ಗಣ ಮುದ್ದು. ನಾನೂ ಕತ್ತರಿಸಿ ಇಟ್ಟುಕೊಂಡೆ. ಸುಳ್ಳು ಯಾಕೆ ಹೇಳಲಿ, ಒಳ್ಳೆಯದೂ ಆಗಿದೆ. ಹಿಂದೆ ಪಕ್ಕದ ಹಾಸಿಗೆಯವನ ಮಾತ್ರೆ ನುಂಗಿ ಕಣ್ಣು ಮೇಲೆ ಮಾಡಿದವರಿದ್ದರು. ಈಗ ಮಾತ್ರೆ ಹೊತ್ತಿಗೆ ಸರಿಯಾಗಿ ಬರುತ್ತದೆ, ನೆಲದ ಮೇಲೆ ಹಳದಿ ಗೆರೆ, ಯಾವ ಸಾಮಾನು ಎಲ್ಲಿರಬೇಕೋ ಅಲ್ಲೇ. ಶರತ್ಕಾಲದಲ್ಲಿ ನೀನು ಥೆಸ್ಸಲೋನಿಕಿಯಿಂದ ಬಂದು ಕಾರಿಡಾರಿನ ಗೋಡೆಗೆ ಉದ್ದನೆಯ ಕಂದು ಕಾಗದ ಅಂಟಿಸಿ, ಡಾಕ್ಟರು, ನರ್ಸು, ಗುಡಿಸುವವರು ಎಲ್ಲರನ್ನೂ ನಿಲ್ಲಿಸಿ, ಯಾರು ಯಾವ ಕೆಲಸ ಮಾಡುತ್ತಾರೆ ಹೇಳಿ ಎಂದು ಚೀಟಿ ಹಚ್ಚಿಸಿದೆಯಲ್ಲ, ಅವತ್ತು ನಾನು ಇಡೀ ಬೀದಿಗೆ ಬಿಸ್ಕತ್ತು ಹಂಚಿದ್ದೆ.

ಆ ಕಾಗದದಲ್ಲಿ ಎಲ್ಲವೂ ಇತ್ತು ಮಗನೇ, ನಾವಿರಲಿಲ್ಲ. ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಹಗಲೂ ರಾತ್ರಿ ಕೂರುವ ಹೆಂಡಂದಿರು, ಅಕ್ಕತಂಗಿಯರು, ಸೊಸೆಯಂದಿರು. ಉಣ್ಣಿಸುವುದು, ಒರೆಸುವುದು, ಮಗ್ಗುಲು ಬದಲಿಸುವುದು, ಇವನ್ನು ಈ ದೇಶದಲ್ಲಿ ಯಾರು ಕೆಲಸ ಎಂದು ಕರೆದಿದ್ದಾರೆ? ದೊಡ್ಡ ನರ್ಸ್ ಅಗ್ಲಾಯಾಳಿಗೇ ಹೊಳೆಯಲಿಲ್ಲ. ನಿನಗಂತೂ ನಾವು ದಾರಿಗೆ ಅಡ್ಡ ಬಿದ್ದ ಕುರ್ಚಿಗಳಾಗಿ ಕಂಡೆವು. ಕುರ್ಚಿಗಳು ಹೊರಗೆ ಹೋದವು, ಕುರ್ಚಿಗಳ ಹಿಂದೆಯೇ ನಾವೂ. ಸಂಜೆ ಒಂದು ಗಂಟೆ ಹೊತ್ತು ನೋಡಿ ಹೊರಡಿ ಎಂದಾಯಿತು.

ಫೆಬ್ರವರಿಯಲ್ಲಿ ನಿಮ್ಮಪ್ಪ ದೋಣಿ ಕಟ್ಟೆಯ ಪಾಚಿಯ ಮೇಲೆ ಜಾರಿ ಸೊಂಟ ಮುರಿದುಕೊಂಡು ಅದೇ ವಾರ್ಡಿಗೆ ಸೇರಿದರು. ಆಪರೇಷನ್ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆಯಿತು. ಆಮೇಲೆ ಮಲಗಿದಲ್ಲೇ ಮಲಗಿದರು. ಅಗ್ಲಾಯಾಳ ಕೈ ಹಿಡಿದುಕೊಂಡು ಕೇಳಿದೆ, "ಇವರನ್ನ ಹೊರಳಿಸೋರು ಯಾರಮ್ಮಾ?" ಅವಳು ಗೋಡೆಯ ಮೇಲಿನ ನಿನ್ನ ಕಾಗದ ತೋರಿಸಿದಳು. "ಅದು ಯಾರ ಪಾಲಿಗೂ ಬಂದಿಲ್ಲ ಪೊಲಿಕ್ಸೇನಿ ಅಮ್ಮಾ. ಅದು ಮನೆಯವರೇ ಮಾಡ್ಕೊಳ್ಳೋದಲ್ವಾ? ನಾವಿಬ್ಬರೇ ಇರೋದು, ಇಡೀ ವಾರ್ಡಿಗೆ. ನಿಮ್ಮ ಮಗನ್ನೇ ಕೇಳಿ." ನಿಮ್ಮಪ್ಪನಿಗಾದರೂ ಬೆಲ್ ಒತ್ತಿ ಅಂದರೆ, "ಬೆಲ್ ಹೊಡೆದದ್ದನ್ನೆಲ್ಲ ಲೆಕ್ಕ ಇಡ್ತಾರಂತೆ ಕಣೇ. ಹುಡುಗನ ಹೆಸರು ಯಾಕೆ ಕೆಡಿಸೋದು, ತಡ್ಕೋತೀನಿ ಬಿಡು" ಅಂದರು. ತಡೆದುಕೊಂಡರು. ಬೆನ್ನಿನ ಬುಡದಲ್ಲಿ ಹಾಸಿಗೆ ಹುಣ್ಣಾಗಿದೆ. ಮೊದಲು ಕೆಂಪಗಿತ್ತು, ಆಮೇಲೆ ಕಪ್ಪಾಯಿತು, ಈಗ ನನ್ನ ಮುಷ್ಟಿ ಹಿಡಿಸುತ್ತದೆ. ಒಳಗೆ ಮೂಳೆ ಕಾಣುತ್ತದೆ. ವಾಸನೆಗೆ ಪಕ್ಕದ ಹಾಸಿಗೆಯವನು ಗೋಡೆ ಕಡೆ ತಿರುಗಿ ಉಣ್ಣುತ್ತಾನೆ.

ಅದು ಬರೀ ಕೆಂಪಗಿದ್ದ ದಿನವೇ ನಿನಗೆ ಫೋನ್ ಮಾಡಿದ್ದೆ, ನೆನಪಿದೆಯೇ? ನನ್ನ ಕುರ್ಚಿ ಒಂದನ್ನು ಒಳಗೆ ಬಿಡಿಸು ಎಂದು ಅತ್ತುಕೊಂಡು ಬೇಡಿದೆ. ನೀನು ಪಾಠ ಹೇಳುವ ದನಿಯಲ್ಲಿ, "ಅಮ್ಮಾ, ನಿಂಗೊಬ್ಬಳಿಗೆ ಬಿಟ್ರೆ ನಾಳೆ ಎಲ್ಲರೂ ಬಂದು ಕೂರ್ತಾರೆ. ನಮ್ಮಪ್ಪ ಅಂತ ನೋಡೋಕಾಗಲ್ಲ. ಪದ್ಧತಿ ಮೇಲೆ ನಂಬಿಕೆ ಇಡು" ಎಂದು ಹೇಳಿ ಫೋನ್ ಇಟ್ಟೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನೋಣವೆಂದರೆ ಊರಿಗಾದರೂ ಏನು ಉಪಕಾರವಾಯಿತು? ಆ ಸಾಲಿನಲ್ಲಿ ಮಲಗಿದವರೆಲ್ಲ ಯಾರದೋ ಅಪ್ಪಂದಿರೇ. ನನಗೆ ನಿನ್ನ ಮೇಲೆ ಸಿಟ್ಟಿದೆ ಥೆಮಿಸ್. ನಿನ್ನನ್ನು ಹೆತ್ತ ಹೊಟ್ಟೆ ಉರಿಯುತ್ತಿದೆ. ಆದರೂ ನಿನಗೆ ಕೆಟ್ಟದ್ದಾಗಲಿ ಎಂದು ಬಾಯಿಗೆ ಬರುವುದಿಲ್ಲ, ಅದೊಂದು ಶನಿ.

ದೇವಮಾತೆ ನಿನ್ನ ಮನೆಯನ್ನು ಕಾಯಲಿ. ಮಿರ್ತೋಳ ಹಣೆಗೆ ನನ್ನ ಮುತ್ತು ಕೊಡು. ಬಹುಮಾನಕ್ಕೆ ದೃಷ್ಟಿ ತಾಗದಿರಲಿ, ತ್ಫೂ ತ್ಫೂ.

ನಿನ್ನ ತಾಯಿ,
ಪೊಲಿಕ್ಸೇನಿ

ತಾಜಾ ಕಲಂ: ಅವಸರದಲ್ಲಿ ಬರೆಯುತ್ತಿದ್ದೇನೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಹಾಸಿಗೆ ಖಾಲಿ ಮಾಡಿ ಎಂದು ಇವತ್ತು ನಿಮ್ಮಪ್ಪನನ್ನು ಬಿಡುಗಡೆ ಮಾಡಿದರು. ಈ ಕೈಗಳಲ್ಲಿ ನಾನು ಅವರನ್ನು ಎತ್ತಲಾರೆ, ನಮ್ಮ ಮನೆಯ ಮೆಟ್ಟಿಲು ನಿನಗೇ ಗೊತ್ತು. ವಿಳಾಸ ಕೇಳಿದರು, ಥೆಸ್ಸಲೋನಿಕಿಯ ನಿನ್ನ ಮನೆಯದನ್ನು ಕೊಟ್ಟೆ. ಈ ಪತ್ರ ನಿನ್ನ ಕೈಗಿಟ್ಟವನು ಆಂಬ್ಯುಲೆನ್ಸಿನವನೇ. ಹುಣ್ಣಿನ ಬಟ್ಟೆಯನ್ನು ಬೆಳಿಗ್ಗೆ ಸಂಜೆ ಬದಲಿಸಬೇಕು, ನೋವಿಗೆ ಕಿರುಚುತ್ತಾರೆ, ಹೆದರಬೇಡ. ಮನೆಗೆ ಹೋಗುತ್ತಿದ್ದೇನೆ ಎಂದು ಖುಷಿಯಲ್ಲಿದ್ದಾರೆ. ಯಾರ ಮನೆ ಎಂದು ನಾನು ಹೇಳಿಲ್ಲ, ನೀನೇ ಹೇಳು. ನಾನು ಬರುವುದಿಲ್ಲ. ಇದನ್ನು ನೀನು ಓದುತ್ತಿರುವಷ್ಟು ಹೊತ್ತೂ ಅವರು ಕೆಳಗೆ ಗಾಡಿಯಲ್ಲಿ ಅಂಗಾತ ಮಲಗಿದ್ದಾರೆ. ಹೋಗು, ಮಗ್ಗುಲಾಗಿಸು.