ಎಡಗಡೆಯ ಗುಂಡಿ

ಭಾನುವಾರ, ಬೆಳಿಗ್ಗೆ

ಅಕ್ಕಾ,

ನಿನ್ನ ಬಾಯಿಬಡುಕಿ ಬರೆಯುತ್ತಿದ್ದೇನೆ. ಹರಿದು ಹಾಕುವ ಮುಂಚೆ ಪೂರ್ತಿ ಓದು. ಕೈ ಹೇಗಿದೆ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ. ಹೊಲಿಗೆ ಬಿಚ್ಚಿದರಾ? ಮೂರು ವಾರದಲ್ಲಿ ನಾಲ್ಕು ಸಲ ನಿನ್ನ ಮನೆ ಬಾಗಿಲವರೆಗೆ ಬಂದು ಹಿಂದಿರುಗಿದ್ದೇನೆ. ಮೊನ್ನೆ ಭಾವ ನೋಡಿಬಿಟ್ಟರು, ಒಳಗೆ ಬಾರಮ್ಮಾ ಎಂದರು. ಬಸ್ಸಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ ಓಡಿದೆ.

ಪ್ರೆಸ್ಸಿನಲ್ಲಿ ಪಾಳಿ ಬದಲಾಗುವಾಗ ಕಾಗದ ಕತ್ತರಿಸುವ ಯಂತ್ರದ ಪಕ್ಕ ಹತ್ತು ನಿಮಿಷ ನಿಂತು, ಅದರ ಹೆಚ್ಚುಕಡಿಮೆ ಹೇಳಿಯೇ ಹೋಗಬೇಕೆಂದು ಕಲಿಸಿದವಳು ನೀನು. ಯಂತ್ರದ ಸುದ್ದಿ ಎರಡು ನಿಮಿಷ, ಮನೆ ಸುದ್ದಿ ಎಂಟು. ಅದನ್ನು ನಿಲ್ಲಿಸಿದವಳು ನಾನು. ಇನ್ನೂರು ಪುಸ್ತಕದ ಅಂಚನ್ನು ನಾನು ಓರೆ ಕತ್ತರಿಸಿದ ದಿನ ನೀನು ಎಲ್ಲರೆದುರಿಗೆ, "ಕೈ ಇರೋ ಕಡೆ ಕಣ್ಣಿರ್ಲಿ ಕಣೇ" ಎಂದೆ. ಪ್ರೆಸ್ಸಿನವರೆಲ್ಲ ನಕ್ಕರು. ನಗದಿದ್ದವಳು ನೀನೊಬ್ಬಳೇ, ಅದು ನನಗೆ ಕಾಣಲಿಲ್ಲ. ಅವತ್ತಿನಿಂದ ನಿನ್ನ ಮುಖ ನೋಡಿದರೆ ಮೈ ಉರಿಯುತ್ತಿತ್ತು. ನೀನು ಎರಡು ಸಲ ಮಾತಾಡಿಸಲು ಬಂದೆ, ನಾನು ಕೈ ತೊಳೆಯುವ ನೆಪ ಮಾಡಿದೆ. ಕೊನೆಗೆ ಮ್ಯಾನೇಜರ್, ಬಾಯಲ್ಲಿ ಹೇಳದಿದ್ದರೆ ಬರೆದಾದರೂ ಇಡಿ ಎಂದು ಯಂತ್ರಕ್ಕೊಂದು ನೋಟುಪುಸ್ತಕ ಕಟ್ಟಿಸಿದರು.

ನಿನಗೆ ಪೆಟ್ಟಾದ ಆ ಮಂಗಳವಾರ, ಯಂತ್ರ ಕೆಟ್ಟಿದೆಯೆಂದು ಬೆಳಿಗ್ಗೆ ಹನ್ನೊಂದು ಗಂಟೆಗೇ ನನಗೆ ಗೊತ್ತಾಗಿತ್ತು. ಎರಡೂ ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಅಲಗು ಇಳಿಯಬೇಕು. ಎಡಗಡೆಯದು ಆಗಾಗ ಏಳದೆ ಸಿಕ್ಕಿಕೊಳ್ಳುತ್ತಿತ್ತು. ಆಗ ಬಲಗಡೆಯದಕ್ಕೆ ಕೈ ತಾಗಿದರೆ ಸಾಕು, ಅಲಗು ಬೀಳುತ್ತಿತ್ತು. ನಾನು ಉಗುರಿನಿಂದ ಎಬ್ಬಿಸಿಕೊಂಡು ಕೆಲಸ ಮುಗಿಸಿದೆ. ಮಧ್ಯಾಹ್ನದ ಪಾಳಿಗೆ ನೀನು ಎದುರಿಗೇ ಬಂದೆ. ಎರಡು ಮಾತು ಸಾಕಿತ್ತು. ಇವಳೇ ದೊಡ್ಡ ಕೆಲಸಗಾರ್ತಿಯಲ್ಲವಾ, ತಾನೇ ಕಂಡುಕೊಳ್ಳಲಿ ಎಂದುಕೊಂಡೆ. ಪುಸ್ತಕದಲ್ಲಿ ಎಂದಿನಂತೆ 'ಯಂತ್ರ ಸರಿ ಇದೆ' ಎಂದು ಗೀಚಿ ಹೊರಟೆ. ನಿನಗೆ ಪೆಟ್ಟಾಗಲಿ ಎಂದು ಬಯಸಲಿಲ್ಲ ಅಕ್ಕಾ. ಒಂದು ಗಂಟೆ ಪರದಾಡಲಿ ಎಂದು ಬಯಸಿದ್ದು ನಿಜ. ನಿನ್ನ ಎರಡು ಬೆರಳು ಹೋದವು.

ಹೋದ ವಾರ ನಮಗೆಲ್ಲ ಪಾಠ ಮಾಡಿಸಿದರು, ಕೆಲಸದ ಜಾಗದಲ್ಲಿ ಹೇಗೆ ಮಾತಾಡಬೇಕು, ಮುನಿಸು ಹೇಗೆ ಬಗೆಹರಿಸಿಕೊಳ್ಳಬೇಕು ಎಂದು. ಪಾಠದ ಮೇಡಂ ಆ ಪುಸ್ತಕ ಎತ್ತಿ ತೋರಿಸಿ, ಒಂದು ದಿನವೂ ತಪ್ಪದೆ ಬರೆದಿದ್ದಾಳೆಂದು ನನ್ನನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ನಿಂತೆ, ಕೈ ಕೂಡ ಮುಗಿದೆ. ನನ್ನ ಮೇಲೆ ನನಗೇ ಹೇಸಿಗೆ.

ವಿಚಾರಣೆಯಲ್ಲಿ ಪುಸ್ತಕ ತೋರಿಸಿದಾಗ ನೀನು, "ನಾನ್ ನೋಡ್ದಾಗ ಏನೂ ಬರ್ದಿರ್ಲಿಲ್ಲ ಅನ್ಸುತ್ತೆ. ಆದ್ರೆ ಅವಳು ಬರ್ದಿದಾಳೆ ಅಂದ್ರೆ ಸರೀನೇ ಇರುತ್ತೆ, ನಾನೇ ಎಡವಿರ್ಬೇಕು" ಎಂದೆಯಂತೆ. ನಾಳೆ ನಿನ್ನದೇ ಅಜಾಗರೂಕತೆ ಎಂದು ತೀರ್ಮಾನಿಸಿ ಕೆಲಸದಿಂದ ತೆಗೆಯುತ್ತಾರಂತೆ. ಅದಕ್ಕೇ ಗುಂಡಿಯ ವಿಷಯ ಬರೆದು ಈಗಷ್ಟೇ ಮ್ಯಾನೇಜರ್ ಮನೆಗೆ ಕೊಟ್ಟು ಬಂದೆ. ಕ್ಷಮಿಸು ಎಂದು ಕೇಳುವುದಿಲ್ಲ. ನಿನ್ನ ಕೆಲಸ ಉಳಿದರೆ ಸಾಕು.

ನಿನ್ನ
ಬಾಯಿಬಡುಕಿ

ತಾ.ಕ.: ಮೇಲೆ ಒಂದು ಸುಳ್ಳಿದೆ. ಮ್ಯಾನೇಜರಿಗೂ ಅದನ್ನೇ ಬರೆದುಕೊಟ್ಟಿದ್ದೇನೆ. ಆ ದಿನ ಹೊರಡುವಾಗ ನಾನು ಪುಸ್ತಕ ಮುಟ್ಟಿರಲಿಲ್ಲ. ಸುದ್ದಿ ಕೇಳಿ ಓಡಿಬಂದಾಗ ಎಲ್ಲರೂ ನಿನ್ನ ಜೊತೆ ಆಸ್ಪತ್ರೆಗೆ ಹೋಗಿದ್ದರು. ಯಂತ್ರದ ಹತ್ತಿರ ಯಾರೂ ಇರಲಿಲ್ಲ. ಆ ಸಾಲು ಬರೆದದ್ದು ಆಗ. ನೀನು ನೋಡಿದ್ದು ಸರಿ ಅಕ್ಕಾ, ಪುಟ ಖಾಲಿಯೇ ಇತ್ತು. ಚಪ್ಪಲಿ ಮೆಟ್ಟಿಕೊಂಡಿದ್ದೇನೆ, ಮತ್ತೆ ಮ್ಯಾನೇಜರ್ ಮನೆಗೆ ಹೋಗುತ್ತೇನೆ.