ಕೆರೆ ಏರಿಯ ಮೇಲೆ ನಿನ್ನ ಕರೆ

ವಿಮಾನಪುರ
೧೭ ಡಿಸೆಂಬರ್ ೨೦೨೫

ಪ್ರೀತಿಯ ಖುರ್ಷೀದಾ,

ಹೇಗಿದ್ದೀಯ? ಗಂಟಲಿನ ಗಾಯ ಪೂರ್ತಿ ಒಣಗಿತೇ? ಗಂಜಿ ಬಿಟ್ಟು ಮೆತ್ತಗಿನ ಅನ್ನಕ್ಕೆ ಬಂದಿದ್ದೀಯ ಎಂದು ನಿನ್ನ ಮಗಳು ಹೇಳಿದಳು, ಕೇಳಿ ಸಮಾಧಾನವಾಯಿತು. ನಾನು ಚೆನ್ನಾಗಿದ್ದೇನೆ, ಬಿ.ಪಿ. ಒಂದನ್ನು ಬಿಟ್ಟು. ಅದು ಏರುವುದಕ್ಕೆ ಕಾರಣವಿದೆ, ಬರೆಯುತ್ತೇನೆ.

ಆ ಭಾನುವಾರ ಮಧ್ಯಾಹ್ನವೇ ನೀನು ಮೆಸೇಜು ಕಳಿಸಿದ್ದೆ. "ನನ್ನ ಸಿಗ್ನಲ್ ಬರಲೇ ಇಲ್ವಾ ಶ್ರೀವಿದ್ಯಾ? ಹಳೇ ಸೆಟ್ಟು ಸತ್ತೋಯ್ತು ಅನ್ಸುತ್ತೆ. ಅಳಿಯನಿಗೆ ಹೇಳಿ ಟೆರೇಸಿನ ತಂತಿ ಇಳಿಸಿಬಿಡ್ತೀನಿ." ಇಷ್ಟು ದಿನ ಉತ್ತರ ಕೊಡದೆ ಕೂತೆ, ಕ್ಷಮಿಸು. ನಿನ್ನ ಫೋನನ್ನು ಆಂಬೂರಿನ ನಿಮ್ಮ ಮನೆಮಂದಿಯೆಲ್ಲ ನೋಡುತ್ತಾರೆ. ನಾನು ಹೇಳಬೇಕಾದದ್ದು ನಿನಗೊಬ್ಬಳಿಗೇ. ಅದಕ್ಕೇ ಈ ಕಾಗದ.

ಹೊಸ ರೇಡಿಯೊ ಸೆಟ್ಟು, ಆ ಟ್ರಾನ್ಸೀವರ್, ಬಂದ ದಿನದಿಂದ ಮನೆಯಲ್ಲಿ ಹಚ್ಚಿದರೆ ಬರೀ ಗೊರಗೊರ ಸದ್ದು. ಪಕ್ಕದ ಅಪಾರ್ಟ್‌ಮೆಂಟಿನ ಲಿಫ್ಟು, ಎದುರು ಮನೆಯ ಸೋಲಾರು, ಬೀದಿಯ ದೀಪ, ಎಲ್ಲವೂ ಅದರ ಕಿವಿಯಲ್ಲೇ ಬಂದು ಕೂತಿವೆ. ಹೊರಗೆ ಬಯಲಿಗೆ ಒಯ್ದು ಪರೀಕ್ಷೆ ಮಾಡೋಣ ಎಂದವಳು ನಾನು. ಹತ್ತು ಗಂಟೆಗೆ, ನಾವಿಬ್ಬರೂ ಗೊತ್ತು ಮಾಡಿಕೊಂಡ ಫ್ರೀಕ್ವೆನ್ಸಿಯಲ್ಲಿ, ನೀನು ಮೋರ್ಸ್ ಕೀ ಒತ್ತಬೇಕು, ನಾನು ಉತ್ತರ ಕೊಡಬೇಕು ಎಂದು ತಾನೇ ನಮ್ಮ ಮಾತು? ಆಪರೇಷನ್ನಿನಲ್ಲಿ ನಿನ್ನ ದನಿಪೆಟ್ಟಿಗೆ ತೆಗೆದ ಮೇಲೆ ನಿನ್ನ ಮಾತನ್ನು ನಾನು ಕೇಳಿಯೇ ಇಲ್ಲ. ಮೆಸೇಜನ್ನು ಯಾರು ಬೇಕಾದರೂ ಟೈಪು ಮಾಡಬಹುದು, ನಿನ್ನ ಮೊಮ್ಮಗಳೂ ಮಾಡುತ್ತಾಳೆ. ಆದರೆ ನಿನ್ನ ಹಾಗೆ ಮೋರ್ಸಿನ ಉದ್ದ ಸದ್ದು 'ಡಾ' ಎಳೆಯುವವರು ಇನ್ನೊಬ್ಬರಿಲ್ಲ, ಎಷ್ಟು ಸ್ಟೇಷನ್ನುಗಳ ಗಲಾಟೆಯಲ್ಲಿದ್ದರೂ ನಿನ್ನ ಕೈಯನ್ನು ಗುರುತು ಹಿಡಿಯುತ್ತೇನೆ. ಅದನ್ನೊಮ್ಮೆ ಕೇಳಬೇಕಿತ್ತು ನನಗೆ, ಅಷ್ಟೇ.

ಆದರೆ ನಮ್ಮ ಮನೆಯವರು ಬಿಡಬೇಕಲ್ಲ! "ನಾನೂ ಬರ್ತೀನಿ ಕಣೆ, ಆಂಟೆನಾ ಕಟ್ಟೋದು ನಿನ್ನ ಕೈಲಾಗುತ್ತಾ?" ಎಂದರು. ತಕ್ಷಣವೇ ನಮ್ಮ ಹ್ಯಾಮ್ ರೇಡಿಯೊ ಕ್ಲಬ್ಬಿನ ಕೆಂಪರಾಜ್‌ಗೂ ಫೋನು ಹೋಯಿತು. ಅವರಿಗೂ ಇಂಥದ್ದೇ ಸೆಟ್ಟು ಕೊಳ್ಳುವ ಆಸೆ, ಕೆ.ಆರ್. ಪುರದಾಚೆ ಕೆರೆ ಏರಿಗೆ ಅಂಟಿಕೊಂಡಂತೆ ಅವರ ಜಮೀನೂ ಇದೆ. ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ಬೆವರಿಳಿಸಿಕೊಂಡು ಅಲ್ಲಿಗೆ ತಲುಪಿದೆವು.

ಆಂಟೆನಾ ಕಟ್ಟಿದವರು ಯಾರು ಅಂತೀಯ? ಇವರು ದಾರಕ್ಕೆ ಕಲ್ಲು ಕಟ್ಟಿ ನೇರಳೆ ಮರದ ಕೊಂಬೆಗೆ ಎಸೆದರು. ಕಲ್ಲು ಕೊಂಬೆ ಬಿಟ್ಟು ಕೆಂಪರಾಜ್ ತಾಯಿ ಬೈರಮ್ಮನ ಸೊಪ್ಪಿನ ಮಡಿಗೆ ಬಿತ್ತು. "ಏನ್ ಸ್ವಾಮಿ, ನನ್ ದಂಟಿನ್ ಸೊಪ್ಪು ನಿಮ್ಗೇನ್ ಮಾಡಿತ್ತು?" ಎಂದು ಆಕೆ ಗದರಿದರು. ಕೊನೆಗೆ ಸೆರಗು ಸಿಕ್ಕಿಸಿ ಕಲ್ಲೆಸೆದು ತಂತಿ ಏರಿಸಿದವಳು ನಾನೇ. ಬ್ಯಾಟರಿ ಜೋಡಿಸಿ, ಕೀ ಸಿಕ್ಕಿಸಿ, ಹೆಡ್‌ಫೋನು ಹಾಕಿಕೊಂಡು ಕೂತೆ. ಗದ್ದಲವೇ ಇಲ್ಲ ಖುರ್ಷೀದಾ, ಎಷ್ಟು ಶುದ್ಧವಾಗಿತ್ತು ಗೊತ್ತಾ!

ಹತ್ತಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಇವರು, "ಒಂದ್ನಿಮಿಷ ಮೈಕ್ ಕೊಡು, ಪವರ್ ಎಷ್ಟು ಹೋಗ್ತಿದೆ ನೋಡ್ತೀನಿ" ಎಂದರು. ನನ್ನ ಹೆಡ್‌ಫೋನು ಕಿತ್ತು ಸ್ಪೀಕರು ಹಚ್ಚಿದರು. ನಮ್ಮ ಫ್ರೀಕ್ವೆನ್ಸಿಯಲ್ಲೇ ಕೂಗಿದರು. ಕೊಲಂಬೊದಿಂದ ಯಾರೋ ಪುಣ್ಯಾತ್ಮ ಓಗೊಟ್ಟ, ಕತೆ ಮುಗಿಯಿತು. ಅಲ್ಲಿನ ಹವೆ, ಇಲ್ಲಿನ ಹವೆ, ಅವರ ಆಂಟೆನಾ, ಇವರ ಸಕ್ಕರೆ ಕಾಯಿಲೆ. ಸೆಟ್ಟಿನ ಲೈಸೆನ್ಸು ನನ್ನದು, ಇವರು ಹೇಳಿದ್ದು "ಮೈ ನ್ಯೂ ರಿಗ್". ನಾನು ಯಾರು ಎಂದು ಆತ ಕೇಳಿದ್ದಕ್ಕೆ, "ನಮ್ಮ ಎಕ್ಸ್‌ವೈಎಲ್, ಉಪ್ಪಿಟ್ಟು ತಂದಿದ್ದಾಳೆ" ಎಂದು ಇಂಗ್ಲಿಷಿನಲ್ಲಿ ನಕ್ಕರು. ಹ್ಯಾಮ್ ಗಂಡಸರು ಹೆಂಡತಿಗೆ ಇಟ್ಟಿರುವ ಈ ಹೆಸರು ಕೇಳಿದರೆ ನಮ್ಮಿಬ್ಬರಿಗೂ ಆಗಲೇ ಮೈ ಉರಿಯುತ್ತಿತ್ತಲ್ಲ? ಗಡಿಯಾರ ತೋರಿಸಿದೆ, ಭುಜ ಅಲುಗಾಡಿಸಿದೆ. "ತಡಿಯೇ, ಡಿಎಕ್ಸ್ ಸಿಕ್ಕಿದೆ!" ಎಂದರು. ದೂರದ ಸ್ಟೇಷನ್ನು ಅಂದರೆ ಕೊಲಂಬೊ ಸಿಕ್ಕಿತಂತೆ, ದೊಡ್ಡ ಸಾಧನೆ.

ಸೆಟ್ಟು ನನ್ನ ಕೈಗೆ ಬರುವಾಗ ಹನ್ನೊಂದು ಹೊಡೆಯುತ್ತಿತ್ತು. ಕರೆದೆ, ಕರೆಯುತ್ತಲೇ ಇದ್ದೆ. ನೀನಿರಲಿಲ್ಲ.

ಮಜ್ಜಿಗೆ ತಂದ ಬೈರಮ್ಮ ಪಕ್ಕದಲ್ಲಿ ಕೂತು, "ಯಾರ್‌ಗವ್ವಾ ಇಷ್ಟೊತ್ತಿಂದ ಟುಕು ಟುಕು ಅಂತ ಬಡೀತಿದ್ಯಾ?" ಎಂದರು. ಮಾತು ಹೋಗಿರುವ ಗೆಳತಿಗೆ ಎಂದೆ. ಆಕೆ ಅತ್ತ ಉಪ್ಪಿಟ್ಟು ತಿನ್ನುತ್ತಿದ್ದ ಇವರನ್ನೊಮ್ಮೆ ನೋಡಿ, "ಹಂಗಾದ್ರೆ ಮಾತಿರೋ ಅಯ್ಯಪ್ಪ ಯಾಕೆ ಅಷ್ಟೊತ್ತು ಮಾತಾಡಿದ್ದು?" ಎಂದರು. ನನಗೆ ಅಳು ಬಂತು.

ಅವತ್ತಿನಿಂದ ಇವರ ಜೊತೆ ಮಾತಿಲ್ಲ. ಊಟಕ್ಕೆ ಬಡಿಸುತ್ತೇನೆ, ಮಾತ್ರೆ ಎದುರಿಗಿಡುತ್ತೇನೆ, ಅಷ್ಟೇ. ಬಂದವರ ಹತ್ತಿರ ಇವರು, "ಸೆಟ್ ಮುಟ್ಟಿದ್ದಕ್ಕೆ ಮುನಿಸ್ಕೊಂಡಿದ್ದಾಳೆ, ಚಿಕ್ಮಕ್ಳ ಥರ" ಎನ್ನುತ್ತಾರೆ. ಎದುರಿಗೇ ನಿಂತು ಕೇಳಿಸಿಕೊಳ್ಳುತ್ತೇನೆ.

ಔಷಧಿ ತಪ್ಪಿಸಬೇಡ. ನಿನ್ನ ದೇವರೂ ನನ್ನ ದೇವರೂ ಸೇರಿ ನಿನಗೆ ಬಲ ಕೊಡಲಿ. ಮೊಮ್ಮಗಳಿಗೆ ನನ್ನ ಆಶೀರ್ವಾದ, ನಿನಗೆ ಬೆಟ್ಟದಷ್ಟು ಪ್ರೀತಿ.

ನಿನ್ನ
ಶ್ರೀವಿದ್ಯಾ

ತಾ.ಕ.: ತಂತಿ ಇಳಿಸಬೇಡ. ಇಳಿಸಿದ್ದರೆ ಮತ್ತೆ ಕಟ್ಟಿಸು. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ನಿನ್ನ ಸಿಗ್ನಲ್ ಬಂದಿತ್ತು ಖುರ್ಷೀದಾ. ಸರಿಯಾಗಿ ಹತ್ತಕ್ಕೆ, ಕೊಲಂಬೊ ಹರಟೆಯ ನಡುವೆ, ಸ್ಪಷ್ಟವಾಗಿ. ಮೊದಲು ನನ್ನ ಸ್ಟೇಷನ್ನಿನ ಕಾಲ್‌ಸೈನು, ಆಮೇಲೆ ನನ್ನ ಹೆಸರು. ನಿನ್ನ ಕೈ ಒಂದಿಷ್ಟೂ ಕೆಟ್ಟಿಲ್ಲ. "ರೀ, ಖುರ್ಷೀದಾ ರೀ!" ಎಂದು ಕಿರುಚಿ ಇವರ ಕೈ ಹಿಡಿದೆ. ಇವರು ಕೊಡವಿಕೊಂಡು ಕೆಂಪರಾಜ್ ಕಡೆ ತಿರುಗಿ, "ಈಗ ನೋಡ್ರೀ ಇದರ ಫಿಲ್ಟರು, ಈ ಕೀಚ್ ಕೀಚ್ ಹೆಂಗೆ ಮಾಯ ಮಾಡ್ತೀನಿ" ಎಂದು ಗುಂಡಿ ತಿರುಗಿಸಿದರು. ನೀನು ನನ್ನ ಹೆಸರಿನ ಅರ್ಧದಲ್ಲಿದ್ದೆ. ಕೆಂಪರಾಜ್ ಚಪ್ಪಾಳೆ ತಟ್ಟಿದರು.

ಅವಳೆಂದು ಗೊತ್ತಾಗಲಿಲ್ಲವೇ ಎಂದು ಅವತ್ತು ಸಂಜೆ, ಮಾತು ಬಿಡುವ ಮೊದಲು, ಕೇಳಿದೆ. "ಗೊತ್ತಾಗ್ದೆ ಏನು? ಮದ್ವೆ ಆದಾಗ್ನಿಂದ ಮನೇಲಿ ಕೇಳ್ತಿದೀನಲ್ಲ ಆ ಕೈನ" ಎಂದರು ವಾದಿರಾಜ. ಹೌದು, ಇಷ್ಟು ವರ್ಷ ಬಾಯಲ್ಲೂ ತರದ ಗಂಡನ ಹೆಸರನ್ನು ಬರೆದೇ ಬಿಟ್ಟೆ. ಡಾಕ್ಟರು ನಿನ್ನ ದನಿ ತೆಗೆದದ್ದು ನಿನ್ನ ಜೀವ ಉಳಿಸಲು. ವಾದಿರಾಜ ತೆಗೆದದ್ದು ಕೆಂಪರಾಜ್‌ಗೆ ತೋರಿಸಲು.

ಈ ಕಾಗದ ಮುಟ್ಟಿದ ಮೇಲೆ ಬರುವ ಭಾನುವಾರ ಹತ್ತಕ್ಕೆ ಕರೆ. ಬೈರಮ್ಮನಿಗೆ ಹೇಳಿದ್ದೇನೆ, ನಾನೊಬ್ಬಳೇ ಬರುತ್ತೇನೆ ಎಂದು.